ಒಂದು ಅಡಿಗೆ ಹನ್ನೆರಡು ಅಡಿ

ಹೋದ ವಾರ ನನ್ನ ಸ್ನಾತಕೋತ್ತರ ಪದವಿಯ ಪ್ರಮಾಣಪತ್ರ ಕೈಗೆ ಬಂದಿತು. ಓದಿದ್ದು ಮನರಂಜನೆ, ಉದ್ಯಾನ ಮತ್ತು ಪ್ರವಾಸೋದ್ಯಮ ವಿಭಾಗದಲ್ಲಿ. ಎರಡು ವರ್ಷದ ಓದಿಗೆ ನನಗೆ ಮೂರು ವರ್ಷ ಹಿಡಿಯಿತು. ಆ ಹೆಚ್ಚಿನ ಒಂದು ವರ್ಷ ನನ್ನ ಕೈಹಿಡಿದವರ ಋಣವನ್ನು ಇಲ್ಲಿ ನೆನೆಯಬೇಕಾಗಿದೆ.

ಎರಡನೆಯ ಸೆಮಿಸ್ಟರಿನ ಕ್ಷೇತ್ರಕಾರ್ಯದಲ್ಲಿ, ಮಳೆನೀರು ಕೊರೆದುಹಾಕಿದ್ದ ಒಂದು ಚಾರಣದ ಹಾದಿಯ ಆಳವನ್ನು ಅಳೆಯುತ್ತಿದ್ದಾಗ ಜಾರಿಬಿದ್ದೆ. ತೊಡೆಯ ಮೂಳೆ ಮುರಿಯಿತು. ಪ್ರಥಮ ಚಿಕಿತ್ಸೆಯ ತರಗತಿ ನಮ್ಮ ಪಠ್ಯಕ್ರಮದಲ್ಲಿ ಯಾಕಿದೆ ಎಂದು ಗೊಣಗಿದ್ದ ನನ್ನ ಸಹಪಾಠಿಗಳೇ ಅಂದು ಅಳತೆಕೋಲುಗಳನ್ನು ಆಸರೆಯಾಗಿಟ್ಟು ಕಾಲನ್ನು ಅಲುಗದಂತೆ ಕಟ್ಟಿ, ಸರದಿಯಂತೆ ನನ್ನನ್ನು ಹೊತ್ತು ರಸ್ತೆಗೆ ಇಳಿಸಿದರು. ನನ್ನ ಮೊದಲ ನಮಸ್ಕಾರ ಆ ನಾಲ್ವರಿಗೆ.

ಎರಡು ಶಸ್ತ್ರಚಿಕಿತ್ಸೆ, ಐದು ತಿಂಗಳು ಗಾಲಿಕುರ್ಚಿ, ಆಮೇಲೆ ಊರುಗೋಲು. ಆಸ್ಪತ್ರೆಯ ಮೊದಲ ದಿನಗಳಲ್ಲಿ ನನ್ನ ಕಣ್ಣೆದುರಿಗೆ ಇದ್ದದ್ದು ಬರಿಯ ಗೋಡೆ. 1984ರಲ್ಲಿ ರೋಜರ್ ಉಲ್ರಿಚ್ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಪರೀಕ್ಷೆಗೆಂದು ಉರುಹೊಡೆದಿದ್ದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಗಿದ್ದ 46 ರೋಗಿಗಳ ದಾಖಲೆಗಳನ್ನು ಅವರು ಹೋಲಿಸಿದ್ದರು. ಅರ್ಧ ಜನರ ಕಿಟಕಿಯಾಚೆ ಮರಗಳು, ಉಳಿದರ್ಧ ಜನರ ಕಿಟಕಿಯಾಚೆ ಇಟ್ಟಿಗೆಯ ಗೋಡೆ. ಮರಗಳನ್ನು ಕಾಣುತ್ತಿದ್ದವರು ಬೇಗ ಮನೆಗೆ ಹೋಗಿದ್ದರು, ಪ್ರಬಲವಾದ ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡಿದ್ದರು. ಒಂದು ರಾತ್ರಿ ನಿದ್ದೆ ಬಾರದೆ ಇದನ್ನು ರಾತ್ರಿ ಪಾಳಿಯ ನರ್ಸ್ ಒಬ್ಬರಿಗೆ ಹೇಳಿದೆ. ಮೂರನೆಯ ದಿನ ಕಿಟಕಿಯ ಪಕ್ಕದ ಜಾಗ ತೆರವಾದಾಗ ಅವರು ತಾವಾಗಿಯೇ ಬಂದು ನನ್ನ ಮಂಚವನ್ನು ಅಲ್ಲಿಗೆ ತಳ್ಳಿದರು. ಅದರಿಂದ ನನ್ನ ಮೂಳೆ ಬೇಗ ಕೂಡಿತೆಂದು ಹೇಳಲಾರೆ. ಆದರೆ ಯಾವಾಗ ಬೆಳಗಾದೀತು ಎಂದು ಕಾಯಲು ನನಗೊಂದು ಕಾರಣ ಸಿಕ್ಕಿತು. ಆ ತಾಯಿಗೆ ನಾನು ಋಣಿ.

ಓದು ಬಿಡುತ್ತೇನೆಂದು ಪತ್ರ ಬರೆದಾಗ ನನ್ನ ಮಾರ್ಗದರ್ಶಕರು ಅದನ್ನು ಕಚೇರಿಗೆ ಕಳುಹಿಸಲೇ ಇಲ್ಲ. ಮನೆಗೆ ಬಂದು, ಒಂದು ನೋಟ್‌ಪುಸ್ತಕ ಕೊಟ್ಟು, “ಉದ್ಯಾನಕ್ಕೆ ಹೋಗು. ಗಾಲಿ ಎಲ್ಲೆಲ್ಲಿ ನಿಲ್ಲುತ್ತದೋ ಅಲ್ಲಲ್ಲಿ ಬರೆದಿಡು” ಎಂದರು. ಅಷ್ಟೇ ಮಾತು.

ಅದು ನಾನು ಮೊದಲ ವರ್ಷ ಸಂದರ್ಶಕರ ಎಣಿಕೆ ಮಾಡಿದ್ದ ಉದ್ಯಾನ. ಬಾಗಿಲ ಬಳಿ ಕುಳಿತು, ಬಂದವರನ್ನೆಲ್ಲ ಕೈಯಲ್ಲಿದ್ದ ಯಂತ್ರದ ಗುಂಡಿ ಒತ್ತಿ ಎಣಿಸಿ, “ಎಲ್ಲ ವಯಸ್ಸಿನವರೂ ಇಲ್ಲಿಗೆ ಬರುತ್ತಾರೆ” ಎಂದು ವರದಿ ಬರೆದಿದ್ದೆ. ಅದೇ ಬಾಗಿಲಲ್ಲಿ ಎರಡು ಮೆಟ್ಟಿಲುಗಳಿದ್ದವು. ಗಾಲಿಕುರ್ಚಿಯಲ್ಲಿ ಕುಳಿತು ಅವುಗಳ ಮುಂದೆ ನಿಂತಾಗಲೇ ನನಗೆ ತಿಳಿದದ್ದು: ಒಳಗೆ ಬಂದವರನ್ನು ಮಾತ್ರ ನಾನು ಎಣಿಸಿದ್ದೆ. ಬಾಗಿಲವರೆಗೆ ಬಂದು ಹಿಂದಿರುಗಿದವರು, ಮೆಟ್ಟಿಲನ್ನು ನೆನೆದು ಮನೆಯಿಂದಲೇ ಹೊರಡದವರು ನನ್ನ ಯಾವ ಕೋಷ್ಟಕದಲ್ಲೂ ಇರಲಿಲ್ಲ. ಆ ವರದಿಗೆ ಒಳ್ಳೆಯ ಅಂಕಗಳು ಬಂದಿದ್ದವು. ಅದನ್ನು ನೆನೆದರೆ ಈಗಲೂ ಮನಸ್ಸು ಮುದುಡುತ್ತದೆ.

ಹಲವು ದೇಶಗಳ ಮಾನದಂಡಗಳ ಪ್ರಕಾರ ಗಾಲಿಕುರ್ಚಿಯ ಇಳಿಜಾರು ಒಂದಕ್ಕೆ ಹನ್ನೆರಡಕ್ಕಿಂತ ಕಡಿದಾಗಿರಬಾರದು. ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದ ಬೇಕು. ಎರಡು ಮೆಟ್ಟಿಲು ಸೇರಿ ಒಂದು ಅಡಿ. ಬಾಗಿಲ ಮುಂದೆ ಇದ್ದ ಜಾಗ ಏಳೇ ಅಡಿ. ಹನ್ನೆರಡು ಅಡಿಯೂ ಸುಲಭವಲ್ಲ ಎಂಬುದನ್ನು ನನ್ನ ತೋಳುಗಳೇ ಹೇಳಿದವು. ಇಪ್ಪತ್ತು ಅಡಿ ಇದ್ದರೆ ಉಸಿರು ಕಟ್ಟದೆ ಏರಬಹುದು. ಸಡಿಲವಾದ ಜಲ್ಲಿಯಲ್ಲಿ ಮುಂದಿನ ಚಿಕ್ಕ ಗಾಲಿಗಳು ಹೂತುಹೋಗುತ್ತವೆ. ಅದೇ ಜಲ್ಲಿಯ ಪುಡಿಯನ್ನು ನೀರು ಹಾಕಿ ದಮ್ಮಸು ಮಾಡಿದರೆ ಸರಾಗವಾಗಿ ಉರುಳುತ್ತವೆ. ಊರುಗೋಲಿಗೆ ಬಂದ ಮೇಲಂತೂ ಬೆಂಚಿನಿಂದ ಬೆಂಚಿಗೆ ಎಷ್ಟು ದೂರ ಎಂಬುದೇ ನನ್ನ ಪಾಲಿನ ನಕಾಶೆಯಾಯಿತು.

ಹಿಂದಿನ ಬಾಗಿಲನ್ನು ತೋರಿಸಿಕೊಟ್ಟವರು ಅಲ್ಲಿನ ಮಾಲಿ. ಗೊಬ್ಬರದ ಕೈಗಾಡಿಗಳು ಹೋಗಲೆಂದು ಅಲ್ಲಿ ಮೆಟ್ಟಿಲು ಕಟ್ಟಿರಲಿಲ್ಲ. ನಡೆಯಲಾಗದ ಹಿರಿಯರು ಎಷ್ಟೋ ವರ್ಷಗಳಿಂದ ಅದೇ ದಾರಿಯಲ್ಲಿ ಬರುತ್ತಿದ್ದರಂತೆ. “ಎಣಿಸುವವರು ಮುಂದಿನ ಬಾಗಿಲಲ್ಲೇ ಕೂರುತ್ತಿದ್ದರು, ನಮ್ಮನ್ನು ಯಾರೂ ಕೇಳಲಿಲ್ಲ” ಎಂದರು. ಮುಂಬಾಗಿಲ ಇಳಿಜಾರನ್ನು ನೇರವಾಗಿ ಇಳಿಸದೆ ಬೇಲಿಯ ಗುಂಟ ತಿರುಗಿಸಿದರೆ ಜಾಗ ಸಾಲುತ್ತದೆ ಎಂಬ ಸಲಹೆಯೂ ಅವರದೇ. ನನ್ನ ಪ್ರಬಂಧದಲ್ಲಿ ಅತ್ಯುತ್ತಮವಾದ ಪುಟ ಅದು, ಅವರಿಗೆ ಸಲ್ಲಬೇಕಾದದ್ದು.

ಉದ್ಯಾನ ನಿರ್ವಹಣೆ ಕಲಿಸಿದ ಮೇಡಂ ಅವರಿಗೂ ಕೈಮುಗಿಯುತ್ತೇನೆ. ಒಂದು ಜಾಗ ಎಷ್ಟು ಜನರನ್ನು ತಾಳಬಲ್ಲದು ಎಂಬ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರವಿಲ್ಲವೆಂದು ತೋರಿಸಿದವರು ಅವರು. ಆ ಜಾಗ ಯಾವ ಸ್ಥಿತಿಯಲ್ಲಿರಬೇಕು, ಅಲ್ಲಿ ಜನರಿಗೆ ಏನು ದೊರೆಯಬೇಕು ಎಂಬುದನ್ನು ಮೊದಲು ನಿರ್ಧರಿಸಬೇಕು. 1985ರಲ್ಲಿ ಅಮೆರಿಕದ ಅರಣ್ಯ ಸೇವೆ ರೂಪಿಸಿದ, ಸಹಿಸಬಹುದಾದ ಬದಲಾವಣೆಯ ಮಿತಿಗಳ ವಿಧಾನವನ್ನು ಅವರು ಕಲಿಸಿದ್ದು ಹೀಗೆ. ಯಾರಿಗೆ ದೊರೆಯಬೇಕು ಎಂಬ ಪದವನ್ನು ನಾನು ಸೇರಿಸಿಕೊಂಡೆ. ಅವರು ಒಪ್ಪಿದರು.

ಇನ್ನು ಅಪ್ಪ. ಈ ವಿಭಾಗಕ್ಕೆ ಸೇರಿದಾಗ “ಪಾರ್ಕಿನಲ್ಲಿ ಓಡಾಡುವುದೂ ಒಂದು ಓದೇ?” ಎಂದು ಕೇಳಿದ್ದರು. ವಿಶ್ರಾಂತಿ ಮತ್ತು ವಿರಾಮ ಪ್ರತಿಯೊಬ್ಬರ ಹಕ್ಕು ಎಂದು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೆಯ ವಿಧಿ ಹೇಳುತ್ತದೆ ಎಂದು ನಾನು ವಾದಿಸಿದ್ದೆ. ಅವರು ಒಪ್ಪಿರಲಿಲ್ಲ. ಆದರೆ ಐದು ತಿಂಗಳು, ಪ್ರತಿ ಸಂಜೆ, ಅಳತೆಪಟ್ಟಿ ಹಿಡಿದು ನನ್ನ ಗಾಲಿಕುರ್ಚಿ ತಳ್ಳಿದವರು ಅವರೇ. ಒಂದು ಸಂಜೆ ಬೇರೊಂದು ಕಟ್ಟಡದ ಮೆಟ್ಟಿಲ ಮುಂದೆ ನಿಂತು, “ಇಲ್ಲಿ ಹದಿನೆಂಟು ಅಡಿ ಬೇಕು” ಎಂದರು. ಅಪ್ಪಾ, ಆ ಮಾತು ನನಗೆ ಪದವಿಗಿಂತ ದೊಡ್ಡದು.

ಮುಂಬಾಗಿಲ ಇಳಿಜಾರು ಇನ್ನೂ ಆಗಿಲ್ಲ. ನಕ್ಷೆ ಒಪ್ಪಿಗೆಗಾಗಿ ಕಾಯುತ್ತಿದೆ. ಹಿಂದಿನ ಬಾಗಿಲಿಗೆ ದಾರಿ ತೋರುವ ಫಲಕ ಬಂದಿದೆ, ಅದರ ಕಂಬವನ್ನು ಮಾಲಿಯವರೇ ನೆಟ್ಟರು. ಈ ವರ್ಷ ನಮ್ಮ ವಿಭಾಗದ ಕಿರಿಯರು ಎಣಿಕೆಗೆ ಎರಡೂ ಬಾಗಿಲುಗಳಲ್ಲಿ ಕೂರುತ್ತಿದ್ದಾರೆ.