ಗೋಳಗುಮ್ಮಟ ದನಿಯನ್ನು ದೊಡ್ಡದು ಮಾಡುವುದಿಲ್ಲ

ಸಂಪಾದಕರಿಗೆ,

ಮಾನ್ಯರೇ,

ವಿಜಯಪುರದ ಗೋಳಗುಮ್ಮಟಕ್ಕೆ ಬರುವ ಪ್ರವಾಸಿಗರಿಗೆ, ವಿಶೇಷವಾಗಿ ಶಾಲಾ ಮಕ್ಕಳಿಗೆ, ಅಲ್ಲಿ ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ‘ಈ ಗುಮ್ಮಟ ಸಣ್ಣ ದನಿಯನ್ನು ದೊಡ್ಡದು ಮಾಡುತ್ತದೆ.’ ಕೇಳಲು ಚೆನ್ನಾಗಿದ್ದರೂ ಈ ಮಾತು ಭೌತಶಾಸ್ತ್ರಕ್ಕೆ ಒಪ್ಪುವಂಥದ್ದಲ್ಲ. ಕಲ್ಲು ಮತ್ತು ಗಾರೆಯ ಕಟ್ಟಡವೊಂದು ತನ್ನ ಕಡೆಯಿಂದ ದನಿಗೆ ಕಿಂಚಿತ್ತೂ ಶಕ್ತಿಯನ್ನು ಸೇರಿಸಲಾರದು. ಅದು ಮಾಡುವ ಕೆಲಸ ಬೇರೆಯೇ ಇದೆ.

ಅಲೆ ಎಂದರೆ ವಸ್ತುವಿನ ಪ್ರಯಾಣವಲ್ಲ, ಶಕ್ತಿಯ ಪ್ರಯಾಣ. ಹಿಂಗಾರಿಯ ಬಿಳಿಜೋಳದ ಹೊಲದ ಮೇಲೆ ಗಾಳಿ ಬೀಸಿದಾಗ ತೆನೆಗಳ ಬಾಗು ಈ ಬದುವಿನಿಂದ ಆ ಬದುವಿನವರೆಗೆ ಓಡುತ್ತದೆ, ಆದರೆ ಒಂದು ದಂಟೂ ತಾನಿದ್ದ ಸಾಲು ಬಿಟ್ಟು ಕದಲುವುದಿಲ್ಲ. ದನಿಯ ವಿಷಯದಲ್ಲಿಯೂ ಹಾಗೆಯೇ. ಮಾತನಾಡುವವನ ಬಾಯಿಯ ಗಾಳಿ ಕೇಳುವವನ ಕಿವಿಯವರೆಗೆ ಹೋಗುವುದಿಲ್ಲ. ನಡುವಿನ ಗಾಳಿ ಇದ್ದಲ್ಲಿಯೇ ಹಿಂದೆ ಮುಂದೆ ಅಲುಗಿ ಪಕ್ಕದ ಗಾಳಿಯನ್ನು ತಳ್ಳುತ್ತದೆ. ಆ ಅಲುಗಾಟವಾದರೂ ಎಷ್ಟು? ಒಂದು ಮೀಟರ್ ದೂರದ ಸಾಧಾರಣ ಮಾತಿನಷ್ಟು ಜೋರಾದ, ಸಾವಿರ ಹರ್ಟ್ಸ್ ಆವರ್ತನದ, ಅಂದರೆ ಸೆಕೆಂಡಿಗೆ ಸಾವಿರ ಸಲ ಕಂಪಿಸುವ, ದನಿಯಲ್ಲಿ ಗಾಳಿಯ ಕಣಗಳು ಸರಿಯುವುದು ಹೆಚ್ಚುಕಡಿಮೆ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲು ಮಾತ್ರ. ಅಂಥ ದನಿ ಒಂದು ಚದರ ಮೀಟರಿಗೆ ಒಯ್ಯುವ ಶಕ್ತಿ ಸೆಕೆಂಡಿಗೆ ಒಂದು ಜೂಲ್‌ನ ಹತ್ತು ಲಕ್ಷದಲ್ಲೊಂದು ಭಾಗ. ಇಷ್ಟು ಬಡ ಶಕ್ತಿಯನ್ನು ಹಿಡಿಯಬಲ್ಲ ನಮ್ಮ ಕಿವಿಯನ್ನೇ, ನಿಜ ಹೇಳಬೇಕೆಂದರೆ, ಗುಮ್ಮಟಕ್ಕಿಂತ ದೊಡ್ಡ ವಿಸ್ಮಯವೆನ್ನಬೇಕು.

ಬಯಲಿನಲ್ಲಿ ಆಡಿದ ಮಾತು ಎಲ್ಲ ದಿಕ್ಕಿಗೂ ಹರಡುತ್ತದೆ. ಆದ್ದರಿಂದ ದೂರ ಎರಡರಷ್ಟಾದರೆ ಅದರ ತೀವ್ರತೆ ನಾಲ್ಕರಲ್ಲೊಂದು ಪಾಲಿಗೆ, ಮೂರರಷ್ಟಾದರೆ ಒಂಬತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಗುಮ್ಮಟದ ಒಳಗೆ ಗೋಡೆಯ ಸುತ್ತ ಇರುವ ಗ್ಯಾಲರಿಯ ಒಂದು ಬದಿಯಿಂದ ಎದುರು ಬದಿಗೆ ಗೋಡೆಯ ಗುಂಟ ಹೋದರೆ ಸುಮಾರು 60 ಮೀಟರ್ ಆಗುತ್ತದೆ. ಅಷ್ಟು ದೂರವನ್ನು ಬಯಲಿನಲ್ಲಿ ಕ್ರಮಿಸಿದ ಪಿಸುಮಾತಿಗೆ ಒಂದು ಮೀಟರಿನಲ್ಲಿದ್ದ ತೀವ್ರತೆಯ 3600ರಲ್ಲೊಂದು ಪಾಲು ಮಾತ್ರ ಉಳಿದಿರುತ್ತದೆ. ಆದರೆ ಬಾಗಿದ ಗೋಡೆಗೆ ಓರೆಯಾಗಿ ತಾಗಿದ ದನಿ ಪುಟಿದು, ಮತ್ತೆ ಅದೇ ಗೋಡೆಗೆ ತಾಗಿ, ಗೋಡೆಯನ್ನು ಬಿಡದೆ ಸಾಗುತ್ತದೆ. ಎಲ್ಲ ದಿಕ್ಕಿಗೆ ಹರಡುವ ಬದಲು ಗೋಡೆಯ ಪಕ್ಕದ ಒಂದು ಪಟ್ಟಿಯೊಳಗೇ ಹರಡುವುದರಿಂದ, ಗೋಡೆ ಏನನ್ನೂ ಹೀರಿಕೊಳ್ಳದು ಎಂದಿಟ್ಟುಕೊಂಡರೆ, ಅದರ ತೀವ್ರತೆ 60ರಲ್ಲೊಂದು ಪಾಲಿಗಷ್ಟೇ ಇಳಿಯುತ್ತದೆ. ಗುಮ್ಮಟ ದನಿಯನ್ನು ಬೆಳೆಸಲಿಲ್ಲ. ಅದು ಚೆದುರಿ ಪೋಲಾಗುವುದನ್ನು ತಡೆಯಿತು, ಅಷ್ಟೇ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗ್ಯಾಲರಿಯನ್ನು ಮುಂದಿಟ್ಟುಕೊಂಡು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ ಇದನ್ನು ವಿವರಿಸಿದರು. 1920ರ ದಶಕದ ಆರಂಭದಲ್ಲಿ ಸಿ.ವಿ. ರಾಮನ್ ನಮ್ಮ ದೇಶದ ಇಂಥ ಗ್ಯಾಲರಿಗಳನ್ನು ಅಭ್ಯಾಸ ಮಾಡಿದಾಗ ವಿಜಯಪುರದ ಈ ಗುಮ್ಮಟವೂ ಅವುಗಳಲ್ಲಿ ಸೇರಿತ್ತು. ಈ ಸಂಗತಿ ನಮ್ಮೂರಿನ ಎಷ್ಟು ವಿಜ್ಞಾನ ವಿದ್ಯಾರ್ಥಿಗಳ ಕಿವಿಗೆ ಬಿದ್ದಿದೆಯೋ!

ಈಗ ಅಲ್ಲಿ ನಡೆಯುವುದು ಬರೀ ಚೀರಾಟ. ಮೆಟ್ಟಿಲು ಹತ್ತಿ ಬಂದವರು ಸಿಳ್ಳೆ ಹಾಕಿ, ಕೂಗಿ, ಪ್ರತಿಧ್ವನಿ ಏಳು ಸಲ ಬಂತೆಂದು ಎಣಿಸಿ ಇಳಿದುಬಿಡುತ್ತಾರೆ. ಪ್ರತಿಧ್ವನಿ ಸಲದಿಂದ ಸಲಕ್ಕೆ ಯಾಕೆ ಕ್ಷೀಣಿಸಿತೆಂದು ಕೇಳುವವರಿಲ್ಲ. ಪ್ರತಿ ಸಲ ಗೋಡೆಗೆ ತಾಗಿದಾಗ ಸ್ವಲ್ಪ ಶಕ್ತಿ ಶಾಖವಾಗುತ್ತದೆ, ಸ್ವಲ್ಪ ಬಾಗಿಲುಗಳಿಂದ ಹೊರಗೆ ಹೋಗುತ್ತದೆ, ನೆರೆದ ಜನರ ಬಟ್ಟೆಬರೆಯೂ ತನ್ನ ಪಾಲು ಹೀರುತ್ತದೆ. ಅಲೆಯಲ್ಲಿ ಗಾಳಿಯ ಕಣಗಳು ಅಲುಗುವ ದೂರ ಎರಡು ಪಟ್ಟಾದರೆ ಅದು ಒಯ್ಯುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹತ್ತು ಪಟ್ಟಾದರೆ ನೂರು ಪಟ್ಟು. ಹೀಗಿರುವಾಗ ಒಬ್ಬನ ಕೂಗು ನೂರು ಜನರ ಪಿಸುಮಾತನ್ನು ನುಂಗುವುದರಲ್ಲಿ ಆಶ್ಚರ್ಯವಿಲ್ಲ.

ನನ್ನ ವಿನಂತಿ ಇಷ್ಟೇ. ಸ್ಮಾರಕದ ಉಸ್ತುವಾರಿ ನೋಡಿಕೊಳ್ಳುವವರು ಗ್ಯಾಲರಿಗೆ ಕಾಲಿಡುವಲ್ಲಿ ಈ ವಿವರಣೆಯ ಕನ್ನಡ ಫಲಕವೊಂದನ್ನು ಹಾಕಲಿ, ಮತ್ತು ಬೆಳಗ್ಗೆ ಬಾಗಿಲು ತೆರೆದ ಮೇಲಿನ ಮೊದಲ ಅರ್ಧ ಗಂಟೆಯನ್ನು ಶಾಲಾ ತಂಡಗಳ ಮೌನ ಆಲಿಕೆಗೆ ಮೀಸಲಿಡಲಿ. ಶಿಕ್ಷಕರು ಆಗ ಒಂದು ಪ್ರಯೋಗ ಮಾಡಿಸಬಹುದು. ಒಬ್ಬ ವಿದ್ಯಾರ್ಥಿ ಗೋಡೆಯ ಕಡೆ ಮುಖ ಮಾಡಿ ‘ಸ’, ‘ಶ’ಗಳು ಹೆಚ್ಚಿರುವ ಮಾತನ್ನು ಪಿಸುಗುಡಲಿ, ಏಕೆಂದರೆ ಇಂಥ ಕಿರಿದಾದ ತರಂಗಾಂತರದ (ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರ) ಸದ್ದುಗಳೇ ಗೋಡೆಗೆ ಹೆಚ್ಚು ಅಂಟಿಕೊಂಡು ಸಾಗುತ್ತವೆ. ಎದುರು ಬದಿಯವನು ಮೊದಲು ಗೋಡೆಗೆ ಕಿವಿ ಹಚ್ಚಿ ಕೇಳಲಿ, ಬಳಿಕ ಎರಡು ಹೆಜ್ಜೆ ಹಿಂದೆ ಸರಿದು ಕೇಳಲಿ. ಎರಡೂ ಕಡೆ ದನಿ ಹೇಗಿತ್ತೆಂದು ಬರೆದುಕೊಳ್ಳಲಿ. ಡಿಸೆಂಬರಿನ ಶಾಲಾ ಪ್ರವಾಸಗಳು ಶುರುವಾಗುವ ಮೊದಲೇ ಇಷ್ಟನ್ನು ಏರ್ಪಡಿಸಲು ದೊಡ್ಡ ಖರ್ಚೇನೂ ಬರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ವಿಜಯಪುರ