ಬೆಕ್ಕಿಗೆ ಏನೂ ಆಗಲ್ಲ ಅಂದವರಿಗೆ

ಕಳೆದ ಭಾನುವಾರ ಸಂಜೆ ಮೈಸೂರಿನ ಸರಸ್ವತಿಪುರಂನ ಚಿಕ್ಕ ಹಾಲ್‌ನಲ್ಲಿ 1979ರ ‘ಏಲಿಯನ್’ ತೋರಿಸಿದರಲ್ಲ, ಅಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರಿಗೆ ಈ ಬರಹ. ನಿಮ್ಮ ಹೆಸರು ಕೇಳುವುದನ್ನೇ ಮರೆತೆ ಸರ್.

ವಯಸ್ಸು ಐವತ್ತಾದರೂ ನಾನು ಅದನ್ನು ನೋಡಿದ್ದು ಇದೇ ಮೊದಲು. ಹಳೇ ಸಿನಿಮಾ, ಏನು ಮಹಾ ಹೆದರಿಸೀತು ಅಂದುಕೊಂಡಿದ್ದೆ. ಏಳು ಜನ, ಒಂದು ಬೆಕ್ಕು, ಲೋಡ್ ಲಾರಿಯಂಥ ಬಾಹ್ಯಾಕಾಶ ಹಡಗು. ಆಮೇಲೆ ಊಟಕ್ಕೆ ಕೂತವನ ಎದೆ ಸೀಳಿಕೊಂಡು ಆ ಅನ್ಯಗ್ರಹದ ಪ್ರಾಣಿ ಬಂತಲ್ಲ! ನಾನು ಬ್ಯಾಗ್ ಎತ್ತಿಕೊಂಡು ಎದ್ದೇಬಿಟ್ಟೆ. ‘ಕೂತ್ಕೊಳ್ಳಮ್ಮ, ಬೆಕ್ಕಿಗೆ ಏನೂ ಆಗಲ್ಲ’ ಅಂತ ನೀವು ಮೆಲ್ಲಗೆ ಹೇಳಿ, ಕೈಗೆ ಎರಡು ಕೋಡುಬಳೆ ಇಟ್ಟಿರಿ.

ಕಥೆ ಮೊದಲೇ ಹೇಳಿಬಿಡುವವರನ್ನು ಕಂಡರೆ ನನಗಾಗದು. ಆದರೆ ಆ ಒಂದು ಮಾತು ಹಿಡಿದುಕೊಂಡೇ ಕೊನೆತನಕ ಕೂತೆ. ಆ ಪ್ರಾಣಿಯನ್ನು ಎಷ್ಟು ಕಡಿಮೆ ತೋರಿಸುತ್ತಾರೆ, ಅಲ್ವಾ? ಕತ್ತಲೇ ಜಾಸ್ತಿ ಹೆದರಿಸುತ್ತದೆ. ನಾಯಕಿ ರಿಪ್ಲಿ ಬೆಕ್ಕನ್ನು ಹುಡುಕಿಕೊಂಡು ಹೋದಾಗ ಮಾತ್ರ ನಿಮ್ಮ ಮೇಲಿನ ನಂಬಿಕೆ ಸ್ವಲ್ಪ ಅಲುಗಾಡಿತು.

ಹೊರಗೆ ಸ್ಕೂಟರ್ ನಿಲ್ಲಿಸಿದ್ದ ಕಡೆ ದೀಪ ಇರಲಿಲ್ಲ. ನಾನು ಕೇಳದಿದ್ದರೂ ಟಾರ್ಚ್ ಹಿಡಿದು ಜೊತೆಗೆ ಬಂದಿರಿ. ತುಂಬಾ ಥ್ಯಾಂಕ್ಸ್ ಸರ್. ಸೀಟಿನ ಕೆಳಗೂ ಒಮ್ಮೆ ಬೆಳಕು ಬಿಡಿ ಅಂದೆನಲ್ಲ, ಅದು ತಮಾಷೆಗೆ ಕೇಳಿದ್ದಲ್ಲ.