ಬೆಳಗಿನ ಐದೂವರೆಗೂ ಅದೇ ಮೂವತ್ತೆರಡು ಸೆಕೆಂಡ್

ನಿನ್ನೆ ರಾತ್ರಿ ಎಂಟಕ್ಕೆ ಗಣಿತದ ಟೆಸ್ಟ್ ಇತ್ತು. ಲಾಗಿನ್ ಆದ ಮಕ್ಕಳೆಲ್ಲ ಟೆಸ್ಟ್ ಮುಗಿಸಿದರು. "ಸರ, ಓಪನ್ ಆಗವಲ್ದು" ಅಂತ ಒಂದೂ ಮೆಸೇಜ್ ಬರಲಿಲ್ಲ. ಹನ್ನೊಂದು ದಿನದಲ್ಲಿ ಇದೇ ಮೊದಲು. ಬೇರೆ ಕೆಲಸ ಆಮೇಲೆ, ಮೊದಲು ಥ್ಯಾಂಕ್ಸ್ ಹೇಳಬೇಕು.

ರಾಯಚೂರು ಜಿಲ್ಲೆಯ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ನಾನು ವರ್ಡ್‌ಪ್ರೆಸ್ (ಸೈಟ್ ಕಟ್ಟುವ ತಂತ್ರಾಂಶ) ಸೈಟಿನಲ್ಲಿ ಉಚಿತ ಅಭ್ಯಾಸ ಪರೀಕ್ಷೆ ನಡೆಸುತ್ತೇನೆ. ರಾತ್ರಿ ಎಂಟೇ ಯಾಕೆ ಅಂದರೆ, ದೇವದುರ್ಗ, ಮಾನ್ವಿ ಕಡೆ ಬಹಳ ಮಕ್ಕಳಿಗೆ ಫೋನ್ ಸಿಗೋದೇ ಅಪ್ಪ ಹೊಲದಿಂದ ಬಂದ ಮೇಲೆ. ಅದೂ ಒಂದು ತಾಸು ಸಿಕ್ಕರೆ ಜಾಸ್ತಿ.

ಸೈಟು ವರ್ಡ್‌ಪ್ರೆಸ್ ಓಡಿಸುವ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿಯ 7.4 ಆವೃತ್ತಿಯ ಮೇಲೆ ಓಡುತ್ತಿತ್ತು. ಅದಕ್ಕೆ ಭದ್ರತೆಯ ಅಪ್‌ಡೇಟ್ 2022ರ ನವೆಂಬರ್‌ಗೇ ನಿಂತಿದೆ. ಮಕ್ಕಳ ಹೆಸರು, ನಂಬರ್ ಇರುವ ಸೈಟನ್ನು ಹಾಗೇ ಬಿಡೋದು ಸರಿಯಲ್ಲ ಅಲ್ವಾ? ವರ್ಡ್‌ಪ್ರೆಸ್ ಅಪ್‌ಡೇಟ್ ಮಾಡಿ, ಪಿಎಚ್‌ಪಿ 8.2 ಇರುವ ಹೊಸ ಸರ್ವರ್‌ಗೆ ಹೋದೆ. ಅವತ್ತಿನಿಂದಲೇ ತೊಂದರೆ ಶುರುವಾಯಿತು.

ಒಂದು ಬೇಗ ಸರಿಯಾಯಿತು. ಕೆಲವು ಮಕ್ಕಳು ಸಬ್ಮಿಟ್ ಒತ್ತಿದರೆ ಫಲಿತಾಂಶದ ಬದಲು ದೋಷದ ಪುಟ ಬರುತ್ತಿತ್ತು. ತೀನ್ ಕಂದೀಲ್ ಹತ್ತಿರ ಕಂಪ್ಯೂಟರ್ ಸೆಂಟರ್ ನಡೆಸುವ ಅಕ್ಕ, ತಪ್ಪುಗಳನ್ನು ಬರೆದಿಡುವ ಡಿಬಗ್ ಲಾಗ್ ಆನ್ ಮಾಡಿಸಿ, ತಪ್ಪಿದ ಸಾಲಿನ ಮೇಲೆ ಬೆರಳಿಟ್ಟರು. ಒಂದೂ ಉತ್ತರ ಗುರುತು ಮಾಡದ ಮಗುವಿಗೆ ಉತ್ತರಪಟ್ಟಿಯೇ ಇರುವುದಿಲ್ಲ. ಇಲ್ಲದ್ದನ್ನು ಎಣಿಸು ಅಂದರೆ ಹಳೇ ಪಿಎಚ್‌ಪಿ ಒಂದು ಎಚ್ಚರಿಕೆ ಬರೆದು ಮುಂದೆ ಹೋಗುತ್ತಿತ್ತು. ಪಿಎಚ್‌ಪಿ 8ರಿಂದ ಅಲ್ಲೇ ನಿಂತುಬಿಡುತ್ತದೆ. ಅಕ್ಕ, ನೀವು ಚಹಾ ಕುಡಿಸಿ ಕಳಿಸಿದಿರಿ, ದುಡ್ಡು ಮುಟ್ಟಲಿಲ್ಲ. ನಿಮ್ಮ ಋಣ ದೊಡ್ಡದು.

ಲಾಗಿನ್ ಮಾತ್ರ ಬಗ್ಗಲಿಲ್ಲ. ಪಾಸ್‌ವರ್ಡ್ ಹಾಕಿ ಒತ್ತಿದರೆ ಸುಮ್ನೆ ತಿರುಗುತ್ತಲೇ ಇರೋದು. ಎಂಟಕ್ಕೆ ಎಲ್ಲರೂ ಒಟ್ಟಿಗೆ ಬರುತ್ತಾರೆ, ಅದಕ್ಕೇ ಭಾರ ಅಂದುಕೊಂಡೆ. ಬೆಂಗಳೂರಲ್ಲಿ ಕೆಲಸ ಮಾಡುವ ನನ್ನ ಹಳೇ ವಿದ್ಯಾರ್ಥಿ ಎರಡು ರಾತ್ರಿ ಎದ್ದಿದ್ದು ಡೇಟಾಬೇಸ್ ಸ್ವಚ್ಛ ಮಾಡಿದ. ಪ್ರತಿ ಪುಟಕ್ಕೂ ತಾನಾಗೇ ಲೋಡ್ ಆಗುವ ಹಳೇ ಸೆಟ್ಟಿಂಗ್‌ಗಳು 800 ಕೆಬಿ ದಾಟಿದರೆ ವರ್ಡ್‌ಪ್ರೆಸ್‌ನ ಸೈಟ್ ಹೆಲ್ತ್ ಪುಟ ಎಚ್ಚರಿಸುತ್ತದೆ. ನಮ್ಮದು ದಾಟಿತ್ತು. ಅದನ್ನೂ ಇಳಿಸಿದ. ಪುಟಗಳು ಚುರುಕಾದವು, ಲಾಗಿನ್ ಹಾಗೇ ಉಳಿಯಿತು.

ಆಗ ದೇವದುರ್ಗ ತಾಲ್ಲೂಕಿನ ಒಬ್ಬ ಹುಡುಗಿ ವಾಯ್ಸ್ ಮೆಸೇಜ್ ಕಳಿಸಿದಳು. "ಸರ, ಪಾಸ್‌ವರ್ಡ್ ತಪ್ಪು ಹಾಕಿದ್ರ ಪಟ್ನ ಹೇಳ್ತೈತ್ರಿ. ಕರೆಕ್ಟ್ ಹಾಕಿದ್ರ ಮಾತ್ರ ನಿಂತ್ಬಿಡ್ತೈತ್ರಿ." ಜೊತೆಗೆ ನೋಟ್‌ಬುಕ್ಕಿನ ಫೋಟೋ. ಗೀಟು ಎಳೆದು ಎರಡು ಕಾಲಂ ಮಾಡಿದ್ದಳು: ಹೊತ್ತು, ಸೆಕೆಂಡು. ರಾತ್ರಿ ಎಂಟಕ್ಕೆ 70, 95, ಮನಸ್ಸಿಗೆ ಬಂದಂತೆ. ಬೆಳಿಗ್ಗೆ ಐದೂವರೆಗೆ ಮೂರು ದಿನವೂ 32. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಳು.

ಬೆಳಗಿನ ಐದೂವರೆಗೆ ಸೈಟಿನಲ್ಲಿ ಯಾರಿರುತ್ತಾರೆ? ಭಾರ ಆಗಿದ್ದರೆ ಆಗ ಬೇಗ ತೆರೆಯಬೇಕಿತ್ತು. ದಿನವೂ ಅಷ್ಟೇ ಹೊತ್ತು ಅಂದರೆ ಸೈಟು ಯಾರನ್ನೋ ಕಾಯುತ್ತಿದೆ, ಮೂವತ್ತು ಸೆಕೆಂಡ್ ನೋಡಿ ಕೈಬಿಡುತ್ತಿದೆ. ಅದೂ ಪಾಸ್‌ವರ್ಡ್ ಸರಿ ಅಂತ ಒಪ್ಪಿದ ಮೇಲೆ.

ಫೋಟೋ ನೋಡಿದ ಕೂಡಲೇ ನನ್ನ ವಿದ್ಯಾರ್ಥಿ ಫೋನ್ ಮಾಡಿದ. "ಸರ್, ಲಾಗಿನ್ ಆದಾಗ ಮೇಲ್ ಕಳಿಸೋ ಪ್ಲಗಿನ್ ಏನಾದ್ರೂ ಇದೆಯಾ?" ಅಂಥ ಪ್ಲಗಿನ್, ಅಂದರೆ ಸೈಟಿಗೆ ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶ, ಇತ್ತು. ವರ್ಷಗಳ ಹಿಂದೆ ನಾನೇ ಹಾಕಿದ್ದೆ, ಯಾರು ಬಂದರು ಅಂತ ನನಗೆ ಮೇಲ್ ಬರಲಿ ಅಂತ. ಅಪ್‌ಡೇಟ್ ಆದ ದಿನದಿಂದ ಆ ಮೇಲ್ ಒಂದೂ ಬಂದಿರಲಿಲ್ಲ. ಅದು 25ನೇ ಪೋರ್ಟ್ ಎಂಬ, ಸರ್ವರ್‌ನಿಂದ ಮೇಲ್ ಹೋಗುವ ದಾರಿಯಿಂದ ಮೇಲ್ ಕಳಿಸುತ್ತಿತ್ತು. ಸ್ಪ್ಯಾಮ್ ಹೊರಗೆ ಹೋಗದಿರಲಿ ಅಂತ ಬಹಳ ಸರ್ವರ್‌ಗಳಲ್ಲಿ ಅದನ್ನು ಮುಚ್ಚಿರುತ್ತಾರೆ. ಮುಚ್ಚಿದೆ ಅಂತ ವಾಪಸ್ ಹೇಳುವುದೂ ಇಲ್ಲ. ಪಾಪ, ಪ್ಲಗಿನ್ ಉತ್ತರಕ್ಕೆ ಕಾಯುತ್ತಾ ಕೂರುತ್ತಿತ್ತು. ಅದು ಕೂತಷ್ಟು ಹೊತ್ತು ಹಿಂದಿನ ಮಕ್ಕಳಿಗೆ ಸರದಿ ಇಲ್ಲ. ಎಂಟಕ್ಕೆ 95 ಆಗುತ್ತಿದ್ದದ್ದು ಅದಕ್ಕೇ. ಪ್ಲಗಿನ್ ತೆಗೆದೆವು. ಲಾಗಿನ್ ಎರಡು ಸೆಕೆಂಡಿಗೆ ಬಂತು.

ರಾತ್ರಿ ಎರಡು ಗಂಟೆಗೂ ಚಾಟ್‌ನಲ್ಲಿ ತಾಳ್ಮೆಯಿಂದ ಉತ್ತರ ಕೊಟ್ಟ ಹೋಸ್ಟಿಂಗ್‌ನ (ಸರ್ವರ್ ಕೊಡುವ ಕಂಪನಿಯ) ಹುಡುಗನಿಗೆ ನಮಸ್ಕಾರ. ಹನ್ನೊಂದು ದಿನ ಬೇಸರ ಮಾಡಿಕೊಳ್ಳದೆ ಮತ್ತೆ ಮತ್ತೆ ಪ್ರಯತ್ನಿಸಿದ ಮಕ್ಕಳೇ, ನಿಮಗೂ. ತಪ್ಪಿಹೋದ ನಾಲ್ಕು ಟೆಸ್ಟ್‌ಗಳನ್ನು ಭಾನುವಾರ ಬೆಳಿಗ್ಗೆ ಮತ್ತೆ ಇಡುತ್ತೇನೆ.

ಆ ಹುಡುಗಿಯ ಅಪ್ಪನಿಗೂ ಫೋನ್ ಮಾಡಿದೆ. ಮೂರು ದಿನ ಮುಂಜಾನೆ ಹೊಲಕ್ಕೆ ನೀರು ಬಿಡೋಕೆ ಹೊರಟವರು, ಮಗಳು ಸೆಕೆಂಡ್ ಎಣಿಸಿ ಮುಗಿಸುವವರೆಗೂ ಫೋನ್ ಬಿಟ್ಟು ಕಾದಿದ್ದರಂತೆ. ಕೈ ಮುಗಿಯುತ್ತೇನೆ ಅಂದೆ.

"ಆಕಿ ಬರ್ಕೊಂತಿದ್ಳ್ರಿ ಸರ, ನಾ ಚಾ ಕುಡ್ಕೋಂತ ಕುಂತಿದ್ದೆ, ಅಷ್ಟ" ಅಂದರು.